ಸಂಶೋಧನೆ ಬಗ್ಗೆ ಜನರಿಗೆ ಹೇಳಿ ಅನ್ನುತ್ತಾರೆ. ಜೊತೆಗೆ ನಿಲ್ಲುವವರು ಯಾರು?

ಬೇರುಬಿಳಲು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತೇನೆ. ಗಿಡದ ಬೇರಿನ ಜೊತೆ ಬದುಕುವ ಶಿಲೀಂಧ್ರ ನನ್ನ ವಿಷಯ. ಮೈಕೊರೈಜಾ ಅನ್ನುತ್ತಾರೆ. ಹೋದ ವರ್ಷ ನಮ್ಮದೊಂದು ಸಂಶೋಧನಾ ಪೇಪರ್ ಪ್ರಕಟವಾಯಿತು. ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಅನ್ನುವ ಪೋಷಕಾಂಶ ಕಡಿಮೆ ಇರುವ ಮಣ್ಣು, ಕುಂಡದಲ್ಲಿ ಗಿಡ, ಹಸಿರುಮನೆಯೊಳಗೆ ಮಾಡಿದ ಪ್ರಯೋಗ. ಶಿಲೀಂಧ್ರ ಇದ್ದ ಗಿಡಗಳು ಇಲ್ಲದ ಗಿಡಗಳಿಗಿಂತ ಚೆನ್ನಾಗಿ ಬೆಳೆದವು. ಅಷ್ಟೇ ವಿಷಯ.

ನಮ್ಮ ಮಾಧ್ಯಮ ವಿಭಾಗದವರು ನನಗೆ ತೋರಿಸದೆ ಪತ್ರಿಕೆಗಳಿಗೆ ಪ್ರಕಟಣೆ ಕಳಿಸಿದರು. ತಲೆಬರಹ ಏನು ಗೊತ್ತಾ? "ಇನ್ನು ಗೊಬ್ಬರವೇ ಬೇಕಿಲ್ಲ". ಮೂರು ದಿನ ಫೋನ್ ನಿಲ್ಲಲಿಲ್ಲ. ರೈತರೊಬ್ಬರು ಕೇಳಿದರು, "ಈ ಸಲ ಗೊಬ್ಬರ ಹಾಕದೆ ಬಿಡಬಹುದಾ ಮೇಡಂ?" ಬೇಡ, ಹಾಕಿ ಎಂದೆ. ಅವರು ಫೋನ್ ಮಾಡಿ ಕೇಳಿದರು, ಸರಿ. ಕೇಳದೆ ನಂಬಿದವರು ಎಷ್ಟು ಜನ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇತ್ತ ವಿಭಾಗದಲ್ಲಿ ಕೆಲವರು "ಅವಳಿಗೆ ಪ್ರಚಾರದ ಹುಚ್ಚು" ಎಂದರು.

ಈಗ ಸುತ್ತೋಲೆ ಬಂದಿದೆ. ಪ್ರತಿಯೊಬ್ಬ ಸಂಶೋಧಕರೂ ವರ್ಷಕ್ಕೊಮ್ಮೆಯಾದರೂ ತಮ್ಮ ಕೆಲಸವನ್ನು ಜನರಿಗೆ ತಲುಪಿಸಬೇಕಂತೆ. ಸಮಯ ಎಲ್ಲಿಂದ, ಹಣ ಎಲ್ಲಿಂದ, ಕಲಿಸುವವರು ಯಾರು, ಏನೂ ಇಲ್ಲ. ಆದರೆ ನಾನು ಬೈಯಲು ಬಂದಿಲ್ಲ. ಸಂಶೋಧಕರಿಗೆ ಏನು ಸಹಾಯ ಬೇಕು ಅಂತ ಬರೆದುಕೊಡುವ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಏನು? ಯಾವುದು ಸುಮ್ನೆ ದಂಡ?

ಸುದ್ದಿಮನೆ:
ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಇಂಥ ವಿಷಯ ಬಂದಾಗಲೆಲ್ಲ ಬೈಗುಳ ನಮಗೇ. ಆದರೆ ನಿಮ್ಮ ಅನುಭವ ಒಂಟಿಯಲ್ಲ ಮೇಡಂ. 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಆರೋಗ್ಯದ ಬಗ್ಗೆ ಹೊರಡಿಸಿದ 462 ಪ್ರಕಟಣೆಗಳನ್ನು ತೆಗೆದುಕೊಂಡು, ಮೂಲ ಪೇಪರ್ ಜೊತೆ ಮತ್ತು ಆಮೇಲೆ ಬಂದ ಸುದ್ದಿಗಳ ಜೊತೆ ಹೋಲಿಸಿದರು. 40% ಪ್ರಕಟಣೆಗಳಲ್ಲಿ ಪೇಪರ್‌ನಲ್ಲಿ ಇಲ್ಲದಷ್ಟು ಜೋರಾದ ಸಲಹೆ ಇತ್ತು. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗವನ್ನು ಮನುಷ್ಯರಿಗೂ ಅನ್ವಯಿಸಿ ಉಬ್ಬಿಸಿದ್ದು 36%. ಪ್ರಕಟಣೆಯೇ ಹಾಗೆ ಉಬ್ಬಿಸಿದ್ದರೆ 86% ಸುದ್ದಿಗಳೂ ಉಬ್ಬಿಸಿದ್ದವು. ಪ್ರಕಟಣೆ ನೆಟ್ಟಗಿದ್ದರೆ ಆ ಪ್ರಮಾಣ ಬರೀ 10%.

ಅಂದರೆ ಸುಮಾರು ಸಲ ತಪ್ಪು ನಮ್ಮ ಮೇಜಿಗೆ ಬರುವ ಮೊದಲೇ ಆಗಿರುತ್ತದೆ. ಇನ್ನೊಂದು ವಿಷಯ. ಉಬ್ಬಿಸಿದ ಪ್ರಕಟಣೆಗೆ ಜಾಸ್ತಿ ಪ್ರಚಾರ ಸಿಕ್ಕಿದ್ದಕ್ಕೂ ಅವರಿಗೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ನಿಮ್ಮ ಸಮಿತಿಯಲ್ಲಿ ಇದನ್ನು ಮೊದಲು ಹೇಳಿ.

ಪುಟ್ಟಲ್ಯಾಬ್:
ಸಂಶೋಧಕರ ಸಹಿ ಇಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು. ಇದೊಂದು ನಿಯಮ ಮಾಡಿಸಿ ಸಾಕು.

ಹಳೇಮೇಷ್ಟ್ರು:
ನಾನು 30 ವರ್ಷ ಪಾಠ ಮಾಡಿ ನಿವೃತ್ತನಾದವನು. ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. ಎಲ್ಲ ವಿಜ್ಞಾನಿಗಳೂ ಜನರ ಮುಂದೆ ಬಂದು ಮಾತಾಡಬೇಕು ಅನ್ನುವುದೇ ತಪ್ಪು. ನನ್ನ ಸಹೋದ್ಯೋಗಿಯೊಬ್ಬರು ಅದ್ಭುತ ರಸಾಯನಶಾಸ್ತ್ರಜ್ಞೆ. ನಾಲ್ಕು ಜನರ ಮುಂದೆ ನಿಂತರೆ ಅವರಿಗೆ ಕೈ ನಡುಗುತ್ತಿತ್ತು. ಅಂಥವರನ್ನು ವೇದಿಕೆಗೆ ಎಳೆದು ಯಾರಿಗೆ ಲಾಭ?

ಅವಸರದ ಅಪಾಯವೂ ಇದೆ. 1989ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಪತ್ರಿಕಾಗೋಷ್ಠಿ ಕರೆದು, ಸೂರ್ಯನಲ್ಲಿ ಆಗುವಂಥ ಪರಮಾಣು ಸಮ್ಮಿಲನವನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ಮಾಡಿದ್ದೇವೆ ಅಂತ ಹೇಳಿತು. ಆ ಪ್ರಯೋಗ ಮಾಡಿದ ಪಾನ್ಸ್ ಮತ್ತು ಫ್ಲೈಶ್‌ಮನ್ ಅವರ ಪೇಪರ್ ಇನ್ನೂ ಪ್ರಕಟವಾಗಿರಲಿಲ್ಲ. ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದರೆ ಅದು ನಿಲ್ಲಲೇ ಇಲ್ಲ. ಮೊದಲು ಕೆಲಸ, ಆಮೇಲೆ ಮಾತು.

ಗಣಿತದವಳು:
ಮೇಷ್ಟ್ರೇ, ನಡುಗುವವರನ್ನು ಎಳೆಯಬೇಡಿ ಅನ್ನುವುದು ಒಪ್ಪುತ್ತೇನೆ. ಆದರೆ ಮಾತಾಡಬಲ್ಲವರಿಗೂ ನಮ್ಮವರೇ ಕಾಲು ಎಳೆಯುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ? ಟಿವಿ, ಪುಸ್ತಕಗಳಲ್ಲಿ ಜನರಿಗೆ ವಿಜ್ಞಾನ ಹೇಳಿ ಹೆಸರಾದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರನ್ನೇ ನೋಡಿ. ಶುಕ್ರಗ್ರಹದ ಮೇಲ್ಮೈ ಯಾಕೆ ಅಷ್ಟು ಬಿಸಿ ಅಂತ ವಿವರಿಸಿದವರಲ್ಲಿ ಅವರು ಪ್ರಮುಖರು. ಅಂಥವರ ಹೆಸರು 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ಬಂದಾಗ ತಳ್ಳಿಹಾಕಿದರು. ಎರಡು ವರ್ಷ ಬಿಟ್ಟು ಅದೇ ಅಕಾಡೆಮಿ ಸಾರ್ವಜನಿಕ ಸೇವೆಗೆ ಅಂತ ಪದಕ ಕೊಟ್ಟಿತು! ಜನರ ಜೊತೆ ಮಾತಾಡುವವರು ಹಗುರ ಮನುಷ್ಯರು ಅನ್ನುವ ಭಾವನೆ ಇರುವ ತನಕ ಸುತ್ತೋಲೆಯಿಂದ ಏನೂ ಆಗುವುದಿಲ್ಲ.

ಹಳೇಮೇಷ್ಟ್ರು:
ಸೇಗನ್ ವಿಷಯದಲ್ಲಿ ಅನ್ಯಾಯವಾಯಿತು, ಒಪ್ಪಿದೆ. ಆದರೆ ಅವರಿಗೆ ಮಾತು ಹುಟ್ಟಿನಿಂದ ಬಂದದ್ದು. ಅದನ್ನು ಕಲಿಸಲಿಕ್ಕೆ ಆಗುತ್ತದಾ?

ಅರ್ಧಚಂದ್ರ:
ಆಗುತ್ತದೆ ಮೇಷ್ಟ್ರೇ! 19ನೇ ಶತಮಾನದ ದೊಡ್ಡ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಲಿತದ್ದೇ ಹಾಗೆ. ಕಮ್ಮಾರನ ಮಗ, ಶಾಲೆ ಓದಿದ್ದು ಕಡಿಮೆ. ಭಾಷಣ ಕಲೆ ಹೇಳಿಕೊಡುವವರ ಹತ್ತಿರ ಪಾಠಕ್ಕೆ ಹೋದರು. ಜೋರಾಗಿ ಓಡುವ ತಮ್ಮ ಮಾತನ್ನು ಹಿಡಿಯಲು "ನಿಧಾನ" ಅಂತ ಬರೆದ ಕಾರ್ಡ್ ಎದುರಿಗೆ ಇಡಿಸಿಕೊಳ್ಳುತ್ತಿದ್ದರಂತೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಶುರುವಾದದ್ದು 1825ರಲ್ಲಿ. ಫ್ಯಾರಡೆ ಒಬ್ಬರೇ 19 ವರ್ಷದ ಸರಣಿಗಳನ್ನು ನಡೆಸಿಕೊಟ್ಟರು. ಒಂದು ಮೇಣದಬತ್ತಿ ಹಚ್ಚಿಟ್ಟು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿದವರು ಅವರೇ. ಅಂಥವರಿಗೇ ಪಾಠ ಬೇಕಾಗಿತ್ತು, ಕಾರ್ಡ್ ಹಿಡಿಯುವ ಸಹಾಯಕ ಬೇಕಾಗಿತ್ತು.

ಪುಟ್ಟಲ್ಯಾಬ್:
ಕಾರ್ಡ್ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಇಷ್ಟವಾಯಿತು.

ನನ್ನ ಅನುಭವ ಹೇಳುತ್ತೇನೆ. ಪಿಎಚ್‌ಡಿ ಮೂರನೇ ವರ್ಷ. ಎರಡು ಥರದ ತರಬೇತಿಗೆ ಹೋಗಿದ್ದೇನೆ. ಮೊದಲನೆಯದು ಒಂದು ದಿನದ ಕಾರ್ಯಾಗಾರ. 120 ಜನ ಸಭಾಂಗಣದಲ್ಲಿ ಕೂತೆವು, ಯಾರೋ ಬಂದು "ಕಥೆ ಹೇಳಿ, ಕಠಿಣ ಪದ ಬಿಡಿ" ಎಂದರು, ಪ್ರಮಾಣಪತ್ರ ಕೊಟ್ಟರು. ಮನೆಗೆ ಬಂದೆವು. ನಾನು ಒಂದು ವಾಕ್ಯವನ್ನೂ ಬರೆದಿರಲಿಲ್ಲ.

ಎರಡನೆಯದು ನಮ್ಮ ಪಿಎಚ್‌ಡಿ ಪ್ರಬಂಧವನ್ನು ಮೂರು ನಿಮಿಷದಲ್ಲಿ ಹೇಳುವ ಸ್ಪರ್ಧೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಮೂರೇ ನಿಮಿಷ, ಒಂದೇ ಸ್ಲೈಡ್. ಬೇರೆ ವಿಭಾಗದ ಹುಡುಗಿಯೊಬ್ಬಳು ಎರಡು ವಾರ ನನ್ನ ಎದುರು ಕೂತು "ಇದು ಅರ್ಥ ಆಗಲಿಲ್ಲ, ಮತ್ತೆ ಹೇಳು" ಅಂತ ಹೇಳುತ್ತಲೇ ಇದ್ದಳು. ಕಣ್ಣಲ್ಲಿ ನೀರು ಬಂತು ಒಂದು ದಿನ. ಆದರೆ ನನ್ನ ಸಂಶೋಧನೆಯ ಪ್ರಶ್ನೆ ಏನು ಅಂತ ನನಗೇ ಸ್ಪಷ್ಟವಾದದ್ದು ಆಗಲೇ. ಗೆಲ್ಲಲಿಲ್ಲ, ಬಿಡಿ. ನನ್ನ ಪ್ರಬಂಧದ ಮೊದಲ ಅಧ್ಯಾಯ ಆ ಮೂರು ನಿಮಿಷದಿಂದಲೇ ಹುಟ್ಟಿತು.

ಸ್ಪರ್ಧೆ ಮುಖ್ಯ ಅಲ್ಲ, ಎದುರು ಕೂತ ಆ ಹುಡುಗಿ ಮುಖ್ಯ.

ಕಡಲತಡಿ:
ಆದರೆ ನಿಮ್ಮ ಗೈಡ್ ಏನೆಂದರು? ನಾನು ಎರಡು ವಾರ ಅದಕ್ಕೆ ಕೊಟ್ಟಿದ್ದರೆ ನನ್ನ ಗೈಡ್ ನನ್ನ ಮುಖ ನೋಡುತ್ತಿರಲಿಲ್ಲ.

ಪುಟ್ಟಲ್ಯಾಬ್:
ಸಂಜೆ 6ರ ಮೇಲೆ ಮಾಡಿಕೋ ಎಂದರು. ಹಾಗೇ ಮಾಡಿದೆ.

ಬೇರುಬಿಳಲು:
ಇದೇ ನೋಡಿ. ಎಲ್ಲರಿಗೂ ಸಂಜೆ 6ರ ಮೇಲೆ. ಮನೆಯಲ್ಲಿ ಚಿಕ್ಕ ಮಗು ಇದ್ದವರು ಏನು ಮಾಡಬೇಕು? ಕೆಲಸದ ಹೊತ್ತಿನಲ್ಲಿ ಮಾಡಲು ಬಿಟ್ಟರೆ ಮಾತ್ರ ಅದನ್ನು ಕೆಲಸ ಅಂತ ಒಪ್ಪಿದ ಹಾಗೆ. ಪಾಠದ ಗಂಟೆ ಲೆಕ್ಕ ಹಾಕುವ ಹಾಗೆ ಇದಕ್ಕೂ ಗಂಟೆ ಬರೆದುಕೊಳ್ಳಬೇಕು, ಬಡ್ತಿ ಅರ್ಜಿಯಲ್ಲಿ ಒಂದು ಜಾಗ ಇರಬೇಕು.

ಗಣಿತದವಳು:
ಆ ಜಾಗ ಕೊಟ್ಟ ದೇಶಗಳೂ ಇವೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ 1997ರಿಂದ ಅನುದಾನದ ಅರ್ಜಿಯಲ್ಲಿ ಎರಡು ಪ್ರಶ್ನೆ ನೋಡುತ್ತದೆ. ವಿಜ್ಞಾನದ ಗುಣಮಟ್ಟ ಒಂದು, ಸಮಾಜಕ್ಕೆ ಆಗುವ ವಿಶಾಲ ಪ್ರಯೋಜನ ಇನ್ನೊಂದು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆ ಅಳೆಯುವಾಗ ಹೊರಗಿನ ಪರಿಣಾಮಕ್ಕೆ 2014ರಲ್ಲಿ 20% ತೂಕ ಇತ್ತು, 2021ರಲ್ಲಿ 25% ಮಾಡಿದರು.

ಹಳೇಮೇಷ್ಟ್ರು:
ಅಂಕ ಕೊಟ್ಟರೆ ಜನ ಅಂಕಕ್ಕಾಗಿಯೇ ಮಾಡುತ್ತಾರೆ. ಒಂದು ಫೋಟೋ ತೆಗೆಸಿಕೊಂಡು ವರದಿ ಹಾಕುತ್ತಾರೆ. ಕಣ್ಣಾರೆ ನೋಡಿದ್ದೇನೆ.

ಗಣಿತದವಳು:
ಪೇಪರ್‌ಗೂ ಅಂಕ ಇದೆ ಅಲ್ವಾ ಮೇಷ್ಟ್ರೇ? ಅದಕ್ಕಾಗಿ ಪೊಳ್ಳು ಪೇಪರ್ ಬರೆಯುವವರೂ ಇದ್ದಾರೆ. ಹಾಗಂತ ಪೇಪರ್ ಲೆಕ್ಕ ಬೇಡ ಅನ್ನುತ್ತೇವಾ?

ಓದುಗ77:
ನಾನು ವಿಜ್ಞಾನಿ ಅಲ್ಲ, ಸಾಮಾನ್ಯ ಓದುಗ. ನನ್ನ ಕಷ್ಟ ಹೇಳಲಾ? "ಇದನ್ನು ತಿಂದರೆ ಕ್ಯಾನ್ಸರ್ ಅಪಾಯ ದುಪ್ಪಟ್ಟು" ಅಂತ ಓದುತ್ತೇನೆ. ಹೆದರಿಕೆ ಆಗುತ್ತದೆ. ಎಷ್ಟರ ದುಪ್ಪಟ್ಟು ಅಂತ ಯಾರೂ ಹೇಳುವುದಿಲ್ಲ.

ಗಣಿತದವಳು:
ಇದು ನನ್ನ ಕ್ಷೇತ್ರ, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನೀವು ಕೇಳಿದ ಪ್ರಶ್ನೆಯನ್ನು 1995ರಲ್ಲಿ ಬ್ರಿಟನ್ನಿನಲ್ಲಿ ಯಾರೂ ಸಮಯಕ್ಕೆ ಸರಿಯಾಗಿ ಕೇಳಲಿಲ್ಲ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಅಂತ ಎಚ್ಚರಿಕೆ ಹೊರಟಿತು. ಸುಳ್ಳಲ್ಲ. ಹಳೆಯ ಮಾತ್ರೆಯಲ್ಲಿ 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿತ್ತು, ಹೊಸದರಲ್ಲಿ ಇಬ್ಬರಿಗೆ. ಒಂದು ಎರಡಾಯಿತು, ದುಪ್ಪಟ್ಟು! ಹೆದರಿ ಎಷ್ಟೋ ಜನ ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾದವು. ಬಸಿರು, ಗರ್ಭಪಾತ ಎರಡರಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ.

"7,000ದಲ್ಲಿ ಒಬ್ಬರ ಬದಲು ಇಬ್ಬರು" ಅನ್ನಲು ಎಷ್ಟು ಹೊತ್ತು ಬೇಕು? ಇದನ್ನು ಹೇಳಿಕೊಡುವುದಕ್ಕೆ ದೊಡ್ಡ ಕೇಂದ್ರ ಕಟ್ಟಬೇಕಿಲ್ಲ. ಪ್ರಕಟಣೆ ಹೊರಡುವ ಮೊದಲು ಅಂಕಿ ಗೊತ್ತಿರುವ ಒಬ್ಬರು ಹತ್ತು ನಿಮಿಷ ಓದಿದರೆ ಸಾಕು.

ಓದುಗ77:
ಅಬ್ಬಾ. ಈಗ ಅರ್ಥ ಆಯಿತು. ಥ್ಯಾಂಕ್ಸ್.

ಪದಕೋಶ:
ಪದಗಳ ಬಗ್ಗೆಯೂ ಹೇಳಬೇಕು. ಕಠಿಣ ಪದ ಬಿಡಿ ಅನ್ನುತ್ತಾರೆ, ಸರಿ. ನನಗೆ ಹೆದರಿಕೆ ಸುಲಭ ಪದಗಳದ್ದೇ. "ಮೈಕೊರೈಜಾ" ಅಂದರೆ ಓದುವವರು ನಿಂತು ಕೇಳುತ್ತಾರೆ. "ಥಿಯರಿ" ಅಂದರೆ ನಿಲ್ಲುವುದಿಲ್ಲ, ಗೊತ್ತು ಅಂದುಕೊಂಡು ಮುಂದೆ ಹೋಗುತ್ತಾರೆ. ಮನೆಯಲ್ಲಿ "ನನ್ನ ಥಿಯರಿ ಏನಂದರೆ" ಎಂದರೆ ಬರೀ ಊಹೆ. ವಿಜ್ಞಾನದಲ್ಲಿ ಅದು ಪುರಾವೆ ಗಟ್ಟಿಯಾಗಿ ಸಿಕ್ಕಿದ ವಿವರಣೆ. "ಗಮನಾರ್ಹ ವ್ಯತ್ಯಾಸ" ಅಂತ ಬರೆದರೆ ಓದುಗರು ದೊಡ್ಡ ವ್ಯತ್ಯಾಸ ಅಂದುಕೊಳ್ಳುತ್ತಾರೆ. ಬರೆದವರ ಅರ್ಥ ಬೇರೆ. ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವುದು ಅಪರೂಪ ಅಂತ ಅಷ್ಟೇ. ಹವಾಮಾನದವರು "ಪಾಸಿಟಿವ್ ಫೀಡ್‌ಬ್ಯಾಕ್" ಅಂದರೆ ಬಿಸಿ ಬಿಸಿಯನ್ನು ಇನ್ನೂ ಹೆಚ್ಚಿಸುತ್ತದೆ ಅಂತ. ಕೇಳಿದವರಿಗೆ ಒಳ್ಳೇ ಸುದ್ದಿ ಅನ್ನಿಸುತ್ತದೆ.

ಜನರ ಭಾಷೆಯಲ್ಲೇ ಬರೆಯಬೇಕು ಅಂತ ಗೆಲಿಲಿಯೋ 400 ವರ್ಷದ ಹಿಂದೆಯೇ ತೋರಿಸಿಕೊಟ್ಟರು. ಎಲ್ಲವನ್ನೂ ಇಟಾಲಿಯನ್‌ನಲ್ಲೇ ಬರೆದರು.

ಅರ್ಧಚಂದ್ರ:
ಎಲ್ಲವನ್ನೂ ಅಲ್ಲ. 1610ರಲ್ಲಿ ದೂರದರ್ಶಕದಿಂದ ಕಂಡದ್ದನ್ನು ಬರೆದದ್ದು ಲ್ಯಾಟಿನ್‌ನಲ್ಲಿ. ಯುರೋಪಿನ ಪಂಡಿತರೆಲ್ಲ ಓದಲಿ ಅಂತ. 1632ರಲ್ಲಿ ಭೂಮಿ ತಿರುಗುವ ಬಗ್ಗೆ ಬರೆದ ಸಂಭಾಷಣೆ ಇಟಾಲಿಯನ್‌ನಲ್ಲಿ. ವಿಚಾರಣೆಗೆ ಎಳೆದದ್ದು ಈ ಎರಡನೆಯದಕ್ಕೆ.

ಪದಕೋಶ:
ಸರಿ, ತಿದ್ದಿಕೊಂಡೆ.

ಹೊಲದಂಚು:
ಇಲ್ಲಿಯ ತನಕ ಎಲ್ಲರೂ ವಿಜ್ಞಾನಿ ಹೇಳುವುದು ಹೇಗೆ ಅಂತಲೇ ಮಾತಾಡಿದ್ದೀರಿ. ಕೇಳಿಸಿಕೊಳ್ಳುವುದು ಹೇಗೆ ಅಂತ ಒಬ್ಬರೂ ಎತ್ತಲಿಲ್ಲ. ನಾನು ರೈತರ ಜೊತೆ ಕೆಲಸ ಮಾಡುತ್ತೇನೆ. ನನಗೆ ಇದೇ ದೊಡ್ಡ ವಿಷಯ.

1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ದುರಂತ ಆಯಿತಲ್ಲ, ಆಗ ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳ ಮೇಲೆ ಮಳೆ ಜೊತೆ ವಿಕಿರಣದ ಸೀಸಿಯಂ ಬಿತ್ತು. ಅಲ್ಲಿ ಕುರಿ ಸಾಕುವವರೇ ಜಾಸ್ತಿ. ಮೊದಲು ಚಿಂತೆ ಬೇಡ ಎಂದರು. ಜೂನ್‌ನಲ್ಲಿ ಕುರಿ ಮಾರುವಂತಿಲ್ಲ ಅಂತ ನಿಷೇಧ ಹಾಕಿದರು, ಮೂರು ವಾರದಲ್ಲಿ ತೆಗೆಯುತ್ತೇವೆ ಎಂದರು. ಮೂರು ವಾರ ಆಯಿತು, ಕುರಿಗಳಲ್ಲಿ ಸೀಸಿಯಂ ಇಳಿಯಲಿಲ್ಲ. ಯಾಕೆ? ವಿಜ್ಞಾನಿಗಳ ಲೆಕ್ಕ ಜೇಡಿಮಣ್ಣಿನದು. ಜೇಡಿಮಣ್ಣು ಸೀಸಿಯಂ ಅನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಹುಲ್ಲಿಗೆ ಬಿಡುವುದಿಲ್ಲ. ಗುಡ್ಡದ ಮಣ್ಣು ಬೇರೆ. ಹುಳಿ ಮಣ್ಣು, ಕೊಳೆತ ಸಸ್ಯದ ಅಂಶ ಜಾಸ್ತಿ. ಅಲ್ಲಿ ಸೀಸಿಯಂ ಮಣ್ಣಿಂದ ಹುಲ್ಲಿಗೆ, ಹುಲ್ಲಿಂದ ಕುರಿಗೆ ಮತ್ತೆ ಮತ್ತೆ ಹೋಗುತ್ತದೆ. ಆ ನಿಷೇಧ 20 ವರ್ಷ ನಡೆಯಿತು.

ಬ್ರಯಾನ್ ವಿನ್ ಅನ್ನುವ ಸಮಾಜವಿಜ್ಞಾನಿ ಆ ರೈತರ ಜೊತೆ ಕೂತು ಮಾತಾಡಿ ಬರೆದಿದ್ದಾರೆ. ನನ್ನ ಮನಸ್ಸಿಗೆ ನಾಟಿದ್ದು ಒಂದು ಪ್ರಯೋಗದ ಕಥೆ. ಬೆಂಟೊನೈಟ್ ಅನ್ನುವ ಒಂದು ಬಗೆಯ ಜೇಡಿಯನ್ನು ನೆಲಕ್ಕೆ ಹರಡಿ, ಜಾಗಕ್ಕೆ ಬೇಲಿ ಹಾಕಿ, ಒಳಗೆ ಕುರಿ ಬಿಟ್ಟು ಪರೀಕ್ಷೆ ಮಾಡಲು ಹೊರಟರು. ರೈತರು ಮೊದಲೇ ಹೇಳಿದರು, ಗುಡ್ಡದಲ್ಲಿ ಬಿಡುಬೀಸಾಗಿ ಮೇಯುವ ಕುರಿಯನ್ನು ಬೇಲಿಯೊಳಗೆ ಕೂಡಿದರೆ ಸೊರಗುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ ಅಂತ. ಕೇಳಲಿಲ್ಲ. ಆಮೇಲೆ ಅದೇ ಕಾರಣಕ್ಕೆ ಪ್ರಯೋಗ ಕೈಬಿಟ್ಟರು. ಆದರೂ ನೀವು ಹೇಳಿದ್ದು ಸರಿ ಇತ್ತು ಅಂತ ಒಂದು ಮಾತು ಬರಲಿಲ್ಲ.

ಆ ರೈತರಿಗೆ ವಿಜ್ಞಾನ ತಿಳಿಯದೆ ನಂಬಿಕೆ ಹೋದದ್ದಲ್ಲ. "ನಮಗೂ ಖಚಿತ ಗೊತ್ತಿಲ್ಲ, ನಿಮ್ಮ ಗುಡ್ಡ ನಿಮಗೆ ಗೊತ್ತು, ಹೇಳಿ" ಅಂತ ಯಾರೂ ಕೇಳದೆ ಹೋದದ್ದು. ಬೇರುಬಿಳಲು ಅವರೇ, ನಿಮಗೆ ಮೂರು ದಿನ ಫೋನ್ ಬಂತಲ್ಲ, ಆ ಫೋನ್‌ಗಳಲ್ಲಿ ಜನ ಏನೇನು ಕೇಳಿದರು ಅಂತ ಬರೆದಿಟ್ಟುಕೊಂಡಿದ್ದೀರಾ?

ಕಡಲತಡಿ:
ಚಿಕ್ಕ ತಿದ್ದುಪಡಿ. 20 ಅಲ್ಲ, 26 ವರ್ಷ. ಕೊನೆಯ ನಿರ್ಬಂಧಗಳು ಹೋದದ್ದು 2012ರಲ್ಲಿ. ಶುರುವಿನಲ್ಲಿ ಇದ್ದಷ್ಟು ಫಾರ್ಮ್‌ಗಳು ಕೊನೆಗೆ ಇರಲಿಲ್ಲ.

ಹೊಲದಂಚು:
ಹೌದು, 26. ಮೂರು ವಾರ ಹೇಳಿ 26 ವರ್ಷ.

ಬೇರುಬಿಳಲು:
ಬರೆದಿಟ್ಟುಕೊಂಡಿಲ್ಲ. ನಿಜವಾಗಿ ಬೇಜಾರಾಯಿತು ನೀವು ಕೇಳಿದ ಮೇಲೆ. ಒಂದು ನೆನಪಿದೆ. ಒಬ್ಬ ಹೆಂಗಸು ಕೇಳಿದರು, "ನೀವು ಹೊರಗಿಂದ ಹಾಕಿದ ಶಿಲೀಂಧ್ರ ಸರಿ, ನಮ್ಮ ಮಣ್ಣಲ್ಲಿ ಮೊದಲೇ ಇರುವುದು ಏನಾಗುತ್ತದೆ?" ಎಂಥ ಪ್ರಶ್ನೆ ನೋಡಿ. ನಮ್ಮ ಪೇಪರ್‌ನಲ್ಲಿ ಅದಕ್ಕೆ ಉತ್ತರವೇ ಇಲ್ಲ, ಯಾಕಂದರೆ ನಾವು ಕುಂಡದ ಮಣ್ಣನ್ನು ಮೊದಲೇ ಕ್ರಿಮಿರಹಿತ ಮಾಡಿದ್ದೆವು.

ಅರ್ಧಚಂದ್ರ:
ಜನರಿಂದ ಬರುವುದಕ್ಕೆ ಇನ್ನೊಂದು ಉದಾಹರಣೆ. 2007ರಲ್ಲಿ ಗ್ಯಾಲಕ್ಸಿ ಝೂ ಅಂತ ಶುರು ಮಾಡಿ, ಲಕ್ಷಗಟ್ಟಲೆ ಗ್ಯಾಲಕ್ಸಿಗಳ ಚಿತ್ರ ಜನರ ಮುಂದಿಟ್ಟು, ಆಕಾರ ನೋಡಿ ವಿಂಗಡಿಸಿ ಎಂದರು. ಹಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಿಕ್ಷಕಿ ಒಂದು ಚಿತ್ರದಲ್ಲಿ ವಿಚಿತ್ರ ಮೋಡದಂಥದ್ದು ಕಂಡು "ಇದೇನು?" ಅಂತ ಕೇಳಿದರು. ಗ್ಯಾಲಕ್ಸಿಯಷ್ಟು ದೊಡ್ಡ ಅನಿಲದ ಮೋಡ ಅದು, ಈಗ ಮಂಕಾಗಿರುವ ಕ್ವೇಸಾರ್ (ಗ್ಯಾಲಕ್ಸಿಯ ತುಂಬಾ ಪ್ರಖರವಾದ ನಡುಭಾಗ) ಒಂದರ ಹಳೇ ಬೆಳಕಿನಿಂದ ಹೊಳೆಯುತ್ತಿತ್ತು. ಆ ಮೋಡಕ್ಕೆ ಆ ಶಿಕ್ಷಕಿಯ ಹೆಸರನ್ನೇ ಇಟ್ಟರು. "ಇದೇನು" ಅಂತ ಕೇಳಲು ಜಾಗ ಇದ್ದದ್ದರಿಂದ ಸಿಕ್ಕಿತು.

ಸುದ್ದಿಮನೆ:
ಕೇಳಿಸಿಕೊಳ್ಳುವ ಮಾತು ಒಪ್ಪಿದೆ. ಆದರೆ ಮಾತಾಡಿದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಸಮಿತಿಯಲ್ಲಿ ಬರೆಯಿರಿ. ಕೋವಿಡ್ ಬಗ್ಗೆ ಮಾಧ್ಯಮದಲ್ಲಿ ಮಾತಾಡಿದ 321 ವಿಜ್ಞಾನಿಗಳನ್ನು 2021ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆ ಕೇಳಿತು. 15% ಜನ ಕೊಲೆ ಬೆದರಿಕೆ ಬಂದಿದೆ ಎಂದರು. ನಾನು ಸಂದರ್ಶನ ಮಾಡಿದ ಒಬ್ಬ ಯುವ ವಿಜ್ಞಾನಿಗೂ ಹೊಲಸು ಸಂದೇಶಗಳು ಬಂದವು. ಅವರ ಸಂಸ್ಥೆಯವರು "ಸ್ವಲ್ಪ ದಿನ ಸುಮ್ಮನಿರಿ" ಎಂದರಂತೆ. ನಾನು ಕರೆದದ್ದಕ್ಕೆ ಅವರು ಬಂದರು, ಆಮೇಲೆ ಅವರು ಒಬ್ಬರೇ ಆದರು. ನನಗೆ ಅದು ಇನ್ನೂ ಕಾಡುತ್ತದೆ.

ಹಳೇಮೇಷ್ಟ್ರು:
ಲಾಕ್ವಿಲಾ ನೆನಪಿದೆಯಾ? 2009ರ ಏಪ್ರಿಲ್ 6ರಂದು ಇಟಲಿಯ ಆ ಊರಲ್ಲಿ ಭೂಕಂಪ ಆಗಿ 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ವಾರದ ಮೊದಲು, ಅಪಾಯ ಇದೆಯಾ ಅಂತ ನೋಡಲು ವಿಜ್ಞಾನಿಗಳ ಸಭೆ ನಡೆದಿತ್ತು. ಸಭೆಗೆ ಮೊದಲೇ ಅಧಿಕಾರಿಯೊಬ್ಬರು ಟಿವಿಯಲ್ಲಿ, ಸಣ್ಣ ಕಂಪನಗಳಿಂದ ಶಕ್ತಿ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಅನ್ನುವ ಅರ್ಥದಲ್ಲಿ ಸಮಾಧಾನ ಹೇಳಿದ್ದರು. ವಿಜ್ಞಾನ ಹಾಗೆ ಹೇಳುವುದಿಲ್ಲ. 2012ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರು ವರ್ಷದ ಶಿಕ್ಷೆ ಆಯಿತು. 2014ರಲ್ಲಿ ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಬಿಡುಗಡೆ ಮಾಡಿತು, ಅಧಿಕಾರಿಯ ಶಿಕ್ಷೆ ಇಳಿಸಿತು. ಇದಕ್ಕೇ ನಾನು ಸುಮ್ಮನಿರುವುದು ಲೇಸು ಅನ್ನುವುದು.

ಹೊಲದಂಚು:
ಕ್ಷಮಿಸಿ ಮೇಷ್ಟ್ರೇ, ನನಗೆ ಆ ಕಥೆ ತಲೆಕೆಳಗಾಗಿ ಕಾಣುತ್ತದೆ. ವಿಜ್ಞಾನಿಗಳು ಜಾಸ್ತಿ ಮಾತಾಡಿ ಕೆಟ್ಟದ್ದಲ್ಲ ಅದು. ಜನರ ಮುಂದೆ ಮಾತಾಡುವುದನ್ನು ಬೇರೆಯವರಿಗೆ ಬಿಟ್ಟದ್ದು. ಭೂಕಂಪ ಯಾವಾಗ ಅಂತ ಹೇಳಲು ಆಗುವುದಿಲ್ಲ, ಆಗುವುದೇ ಇಲ್ಲ ಅಂತಲೂ ಹೇಳಲು ಆಗುವುದಿಲ್ಲ, ಹಳೇ ಮನೆ ಇದ್ದವರು ಎಚ್ಚರವಾಗಿರಿ. ಇಷ್ಟನ್ನು ಅವರೇ ಬಂದು ಹೇಳಬೇಕಿತ್ತು.

ಹಳೇಮೇಷ್ಟ್ರು:
ಇದನ್ನು ಯೋಚಿಸಬೇಕು. ನೀವು ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಆ ನಡುಗುವ ಕೈಗಳನ್ನು ಮರೆಯಬೇಡಿ ಅಂತ ಮತ್ತೆ ಹೇಳುತ್ತೇನೆ. ಅಂಥವರಿಗೂ ಒಂದು ದಾರಿ ಬೇಕು.

ಹಾಳೆಬದಿ:
ಇದೆ ಸರ್. ನಾನು ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡುವವಳು, ಸಂಶೋಧಕರ ಬರಹ ತಿದ್ದಿಕೊಡುತ್ತೇನೆ. ವೇದಿಕೆ ಒಂದೇ ದಾರಿ ಅಲ್ಲ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ದಿ ಕಾನ್ವರ್ಸೇಷನ್ ಅನ್ನುವ ಜಾಲತಾಣ ಮಾಡುವುದು ಏನು? ಬರೆಯುವವರು ವಿಶ್ವವಿದ್ಯಾಲಯದವರು, ತಿದ್ದುವವರು ಪತ್ರಿಕೆಯಲ್ಲಿ ಪಳಗಿದವರು. ಲೇಖಕರು ಒಪ್ಪದೆ ಪ್ರಕಟಿಸುವುದಿಲ್ಲ. ಹಣ ಎಲ್ಲಿಂದ ಬಂತು ಅಂತಲೂ ಲೇಖಕರು ಹೇಳಬೇಕು. ನಿಮ್ಮ ಸಹೋದ್ಯೋಗಿ ಹೀಗೆ ಬರೆಯಬಹುದಿತ್ತು, ಯಾರ ಮುಂದೆಯೂ ನಿಲ್ಲಬೇಕಿರಲಿಲ್ಲ.

ನಾನು ಮಾಡುವುದು ಇಷ್ಟೇ. ಸಂಶೋಧಕರ ಹತ್ತಿರ ಹೋಗಿ ಕೂರುತ್ತೇನೆ. "ನಿಮ್ಮ ಅಮ್ಮನಿಗೆ ಹೇಳುವ ಹಾಗೆ ಹೇಳಿ" ಅನ್ನುವುದಿಲ್ಲ, ಅದು ಅಮ್ಮಂದಿರಿಗೆ ಅವಮಾನ. "ಇದನ್ನು ಓದಿ ಯಾರು ಏನು ಮಾಡಬಹುದು, ಅದರಿಂದ ಅವರಿಗೆ ನಷ್ಟ ಆಗಬಹುದಾ?" ಅಂತ ಕೇಳುತ್ತೇನೆ. ಈ ಪ್ರಶ್ನೆಯಿಂದಲೇ ಅರ್ಧ ಬರಹ ಸರಿಹೋಗುತ್ತದೆ. ಒಬ್ಬರಿಗೆ ಒಂದೊಂದು ಸಲ ನಾಲ್ಕು ಕರಡು ಆಗುತ್ತದೆ. ನಿಧಾನದ ಕೆಲಸ. ನನ್ನಂಥವರು ಇರುವುದು ಇಡೀ ವಿಶ್ವವಿದ್ಯಾಲಯಕ್ಕೆ ಇಬ್ಬರು.

ಬೇರುಬಿಳಲು ಅವರೇ, ನಿಮ್ಮ ಆ ಪ್ರಕಟಣೆಯನ್ನು ಈಗ ನೀವೇ ಬರೆದರೆ ಹೇಗೆ ಬರೆಯುತ್ತೀರಿ? ಇಲ್ಲೇ ಹಾಕಿ, ತಿದ್ದೋಣ.

ಬೇರುಬಿಳಲು:
ಪ್ರಯತ್ನ ಮಾಡುತ್ತೇನೆ. ಒಂದು ಹೆದರಿಕೆ ಇದೆ, ನಮ್ಮ ಕ್ಷೇತ್ರದಲ್ಲಿ ಉಬ್ಬಿಸುವುದು ಹಳೇ ಚಾಳಿ. 1997ರಲ್ಲಿ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್ ಅವರ ತಂಡ, ಕಾಡಿನಲ್ಲಿ ಒಂದು ಜಾತಿಯ ಮರದಿಂದ ಇನ್ನೊಂದಕ್ಕೆ ಇಂಗಾಲ ಹೋಗುತ್ತದೆ ಅಂತ ತೋರಿಸಿತು. ಮರಗಳು ಶಿಲೀಂಧ್ರದ ಮೂಲಕ ಮಾತಾಡುತ್ತವೆ, ತಾಯಿಮರ ಮಕ್ಕಳನ್ನು ಸಾಕುತ್ತದೆ ಅನ್ನುವ ತನಕ ಆ ಕಥೆ ಬೆಳೆಯಿತು. 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಪುರಾವೆಗಳನ್ನೆಲ್ಲ ಮತ್ತೆ ನೋಡಿ, ಕಾಡಿನಲ್ಲಿ ಆ ಮಾತುಗಳಿಗೆ ಸಾಕಷ್ಟು ಆಧಾರ ಇಲ್ಲ ಎಂದರು. ವಿಜ್ಞಾನಿಗಳೇ ತಮ್ಮ ಪೇಪರ್‌ಗಳಲ್ಲಿ ಹಳೇ ಫಲಿತಾಂಶಗಳನ್ನು ಉಬ್ಬಿಸಿ ಉಲ್ಲೇಖಿಸಿದ್ದಾರೆ ಅಂತಲೂ ತೋರಿಸಿದರು. ಹಾಗಾಗಿ ಮಾಧ್ಯಮ ವಿಭಾಗವನ್ನೊಂದೇ ಬೈದರೆ ತಪ್ಪಾಗುತ್ತದೆ.

ನನ್ನ ಕರಡು: "ಹೆಚ್ಚಿನ ಗಿಡಗಳ ಬೇರಿನಲ್ಲಿ ಒಂದು ಬಗೆಯ ಶಿಲೀಂಧ್ರ ವಾಸಿಸುತ್ತದೆ. ಅದರ ಎಳೆಗಳು ಬೇರು ನುಗ್ಗಲಾಗದ ಸಂದಿಗೆ ಹೋಗಿ ರಂಜಕ ತರುತ್ತವೆ, ಗಿಡ ಬದಲಿಗೆ ಸಕ್ಕರೆ ಮತ್ತು ಕೊಬ್ಬು ಕೊಡುತ್ತದೆ. ರಂಜಕ ಕಡಿಮೆ ಇರುವ ಕುಂಡಗಳಲ್ಲಿ ಈ ಶಿಲೀಂಧ್ರ ಇದ್ದ ಗಿಡಗಳು ಚೆನ್ನಾಗಿ ಬೆಳೆದವು. ಹೊಲದಲ್ಲಿ ಹೀಗೇ ಆಗುತ್ತದಾ ಅಂತ ನಾವು ಇನ್ನೂ ನೋಡಿಲ್ಲ."

ಓದುಗ77:
ನನಗೆ ಪೂರ್ತಿ ಅರ್ಥ ಆಯಿತು.

ಹಾಳೆಬದಿ:
ಚೆನ್ನಾಗಿದೆ. ಕೊನೆಯ ವಾಕ್ಯವನ್ನು ಮೇಲೆ ತನ್ನಿ. ಜನ ಮೊದಲ ಎರಡು ಸಾಲು ಓದಿ ಬಿಡುತ್ತಾರೆ. "ಗೊಬ್ಬರ ನಿಲ್ಲಿಸಬೇಡಿ" ಅಂತ ನೇರವಾಗಿಯೇ ಸೇರಿಸಿ, ನಿಮ್ಮನ್ನು ಕಾಡುತ್ತಿರುವುದು ಅದೇ ಅಲ್ವಾ?

ಹೊಲದಂಚು:
ಆ ಹೆಂಗಸು ಕೇಳಿದ ಪ್ರಶ್ನೆ ಎಲ್ಲಿ? ನಮ್ಮ ಮಣ್ಣಲ್ಲಿ ಮೊದಲೇ ಇದೆಯಾ ಇಲ್ವಾ?

ಬೇರುಬಿಳಲು:
ಸಾಗುವಳಿ ಮಾಡುವ ಹೆಚ್ಚಿನ ಮಣ್ಣಲ್ಲಿ ಇರುತ್ತದೆ. ಪದೇ ಪದೇ ಆಳವಾಗಿ ಉತ್ತರೆ ಎಳೆಗಳು ತುಂಡಾಗುತ್ತವೆ. ರಂಜಕದ ಗೊಬ್ಬರ ಅತಿಯಾದರೆ ಬೇರಿನಲ್ಲಿ ಶಿಲೀಂಧ್ರ ಕಡಿಮೆಯಾಗುತ್ತದೆ. ಸಾಸಿವೆ, ಕೋಸಿನ ಜಾತಿಯ ಗಿಡಗಳು ಸಾಮಾನ್ಯವಾಗಿ ಈ ಜೊತೆ ಮಾಡಿಕೊಳ್ಳುವುದಿಲ್ಲ. ಇದೆಲ್ಲ ಮೊದಲಿಂದ ಗೊತ್ತಿರುವ ವಿಷಯ, ಹೊಸದಲ್ಲ ಅಂತ ಪ್ರಕಟಣೆಯಲ್ಲಿ ಹಾಕಲು ಯಾರಿಗೂ ಹೊಳೆಯಲಿಲ್ಲ. ನನಗೂ.

ಹೊಲದಂಚು:
ರೈತರಿಗೆ ಬೇಕಾದದ್ದು ಇದೇ ಮೇಡಂ! ಇರುವುದನ್ನು ಕಣ್ಣಿಗೆ ತೋರಿಸಲು ಆಗುತ್ತದಾ?

ಬೇರುಬಿಳಲು:
ಆಗುತ್ತದೆ. ಬೇರನ್ನು ಕ್ಷಾರದಲ್ಲಿ ಬೇಯಿಸಿ ತೊಳೆದು, ಪೆನ್ನಿಗೆ ಹಾಕುವ ಶಾಯಿ ಮತ್ತು ವಿನೆಗರ್ ಸೇರಿಸಿ ಬಣ್ಣ ಹಿಡಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಬೇರಿನೊಳಗೆ ನೀಲಿ ಎಳೆಗಳು ಕಾಣುತ್ತವೆ. ಕ್ಷಾರ ಚರ್ಮ ಸುಡುತ್ತದೆ, ಆ ಭಾಗ ಲ್ಯಾಬ್‌ನಲ್ಲೇ ಮಾಡಬೇಕು. ಅವರು ಬೇರು ತಂದುಕೊಟ್ಟರೆ ನಾನು ಬಣ್ಣ ಹಿಡಿಸಿ ಇಡುತ್ತೇನೆ, ಮಾರನೇ ದಿನ ಬಂದು ನೋಡಬಹುದು.

ಹೊಲದಂಚು:
ಎಷ್ಟು ಬೇರು ಬೇಕು? ಯಾವ ಭಾಗ ತರಲು ಹೇಳಲಿ?

ಬೇರುಬಿಳಲು:
ದಪ್ಪ ಬೇರು ಬೇಡ. ತುದಿಯ ಎಳೆ ಬೇರುಗಳು, ಒಂದು ಹಿಡಿ ಸಾಕು. ಒಣಗಲು ಬಿಡಬೇಡಿ, ಅದೇ ಹೊಲದ ಹಸಿ ಮಣ್ಣಲ್ಲಿ ಸುತ್ತಿ ತನ್ನಿ. ಈ ಸಲ ಬಂದವರು ಕೇಳುವುದನ್ನೆಲ್ಲ ಬರೆದಿಟ್ಟುಕೊಳ್ಳುತ್ತೇನೆ.